ಕಾರಿಗೆ ಬಿ.ಪಿ. ನೋಡುತ್ತಿದ್ದ ಚೀಫ್

ಅವರ ಎರಡೂ ಕೈಗಳಲ್ಲಿ ಮೊಣಕೈಯಿಂದ ಕೆಳಗೆ ಒಂದೇ ಒಂದು ರೋಮ ಇರಲಿಲ್ಲ. ಹಡಗಿನ ಎಂಜಿನ್ ಕೋಣೆಯ ಕಾವು ಎಂದೋ ಅದನ್ನೆಲ್ಲ ಸುಟ್ಟುಹಾಕಿತ್ತು. ಚರ್ಮ ನುಣುಪಾಗಿ ಹೊಳೆಯುತ್ತಿತ್ತು, ಬಲ ಮುಂಗೈ ಮೇಲೆ ಕೊಳವೆಯೊಂದು ಅಂಟಿಕೊಂಡು ಬಿಟ್ಟುಹೋದ ಉದ್ದನೆಯ ಬಿಳಿ ಗುರುತಿತ್ತು. ಯಾರಾದರೂ ಮಾತಾಡಿಸಿದರೆ ತಲೆ ವಾಲಿಸಿ ಎಡಗಿವಿಯನ್ನು ಅವರ ಬಾಯಿಯ ಹತ್ತಿರ ತರುತ್ತಿದ್ದರು. ಬಲಗಿವಿ ಪೂರ್ತಿ ಹೋಗಿತ್ತು. ಎಡದ್ದು ಅರ್ಧ.

ಊರಿನವರೆಲ್ಲ ಅವರನ್ನು ಚೀಫ್ ಎನ್ನುತ್ತಿದ್ದರು. ಸರಕಿನ ಹಡಗುಗಳಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಮಂಗಳೂರಿನ ಕದ್ರಿಯಲ್ಲಿ ಅವರದೊಂದು ಹಂಚಿನ ಮನೆ, ಅದೇ ಕಂಪೌಂಡಿನಲ್ಲಿ ಎರಡು ಕೋಣೆಯ ಸಣ್ಣ ಮನೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಸಣ್ಣ ಮನೆಗೆ ಬಾಡಿಗೆಗೆ ಬಂದವರು ನಾವು. ನಾವು ಎಂದರೆ ನಾನು, ನನ್ನ ಇಬ್ಬರು ಮಕ್ಕಳು, ಮತ್ತು ಮಾಮಿ, ಅಂದರೆ ನನ್ನ ಗಂಡನ ತಾಯಿ. ಗಂಡ ದುಬೈಯಲ್ಲಿದ್ದರು. ನಾನು ಹತ್ತಿರದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಗಂಡಸರಿಲ್ಲದ ಬ್ಯಾರಿ ಮುಸ್ಲಿಂ ಕುಟುಂಬಕ್ಕೆ ಒಂಟಿ ಹಿಂದೂ ಗಂಡಸೊಬ್ಬ ಮನೆ ಕೊಡುವುದನ್ನು ನೋಡಿ ಎರಡೂ ಕಡೆಯವರು ಹುಬ್ಬೇರಿಸಿದ್ದರು. ಮಾಮಿ ಮೊದಲ ದಿನವೇ ಅವರ ಮನೆಯ ಮೆಟ್ಟಿಲಲ್ಲಿ ಕೂತು ತುಳುವಿನಲ್ಲಿ ಅರ್ಧ ಗಂಟೆ ಮಾತಾಡಿ ಬಂದು, "ಮನುಷ್ಯ ಒಳ್ಳೆಯವ. ಆದರೆ ಮನೆಯಲ್ಲಿ ಒಂದೇ ತಟ್ಟೆ ಉಂಟು" ಎಂದರು. ಅಲ್ಲಿಗೆ ವಿಷಯ ಮುಗಿಯಿತು.

ಅವರಿಗೆ ಒಂದು ಬಿಳಿ ಕಾರಿತ್ತು. ಹಳೆಯದು, ಡೀಸೆಲ್ ಎಂಜಿನ್ ಕೂರಿಸಿದ್ದು. ಬೆಳಿಗ್ಗೆ ಎದ್ದು ಅದರ ಮುಂದಿನ ಮುಚ್ಚಳ ತೆರೆದು, ಎಂಜಿನ್ ಚಾಲೂ ಮಾಡಿ, ಅಂಗೈ ಅದರ ಮೇಲೆ ಇಟ್ಟು ನಿಲ್ಲುತ್ತಿದ್ದರು. ಬೇರೆ ಮೇಸ್ತ್ರಿಗಳು ಕಿವಿಯಿಂದ ಮಾಡುವ ಕೆಲಸವನ್ನು ಅವರು ಕೈಯಿಂದ ಮಾಡಬೇಕಾಗಿತ್ತು. "ಇದಕ್ಕೆ ಉಸಿರು ಸಾಲುವುದಿಲ್ಲ ಟೀಚರ್" ಎಂದು ನನಗೆ ಹೇಳುತ್ತಿದ್ದರು. "ಹಡಗಿನ ಎಂಜಿನ್ನಿಗೆ ಗಾಳಿ ಒತ್ತಿ ಕೊಡ್ತೇವೆ. ಇದು ಪಾಪ, ತಾನೇ ಎಳೆದುಕೊಳ್ಳಬೇಕು."

ನನ್ನ ಗಂಡ ರಜೆಗೆ ಬಂದಾಗ ಇಬ್ಬರೂ ಅಂಗಳದಲ್ಲಿ ಕೂತು ಅದೇನೋ ಚಿತ್ರ ಬರೆದುಕೊಂಡರು. ಮುಂದಿನ ಸಲ ಬರುವಾಗ ಗಂಡ ದುಬೈಯ ಗುಜರಿಯಿಂದ ಒಂದು ಟರ್ಬೊ ತಂದರು. ಜಪಾನಿನ ಯಾವುದೋ ಸಣ್ಣ ಎಂಜಿನ್ನಿನದು, ಎರಡು ಬಸವನಹುಳುಗಳನ್ನು ಬೆನ್ನಿಗೆ ಬೆನ್ನು ಅಂಟಿಸಿದಂಥ ಕಬ್ಬಿಣದ ಮುದ್ದೆ. ಕಂಬಳಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿ ಇಟ್ಟಿದ್ದರು. ಬೊಂಬಾಯಿಯ ಕಸ್ಟಮ್ಸಿನವರು ಇದೆಂತ ಎಂದು ಕೇಳಿದಾಗ, ಮಾಂಸ ಅರೆಯುವ ಯಂತ್ರದ ಭಾಗ ಎಂದರಂತೆ. ನನಗೆ ಆ ಸಲ ಸೀರೆ ಬರಲಿಲ್ಲ, ಜಾಗ ಇರಲಿಲ್ಲ.

ಎಂಜಿನ್ನಿನಿಂದ ಹೊರಬೀಳುವ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ, ಆ ಚಕ್ರ ಇನ್ನೊಂದನ್ನು ತಿರುಗಿಸಿ ಎಂಜಿನ್ನಿಗೆ ಗಾಳಿ ತುರುಕುತ್ತದೆ, ಇಷ್ಟು ನನಗೆ ಅರ್ಥವಾಗಿತ್ತು. ಹೆಚ್ಚು ಗಾಳಿ, ಹೆಚ್ಚು ಡೀಸೆಲ್, ಹೆಚ್ಚು ಶಕ್ತಿ. ಜೊತೆಗೆ ಹೆಚ್ಚು ಬಿಸಿ. ಬಿಸಿ ಮಿತಿಮೀರಿದರೆ ಒಳಗಿನ ಪಿಸ್ಟನ್ ಕರಗುತ್ತದೆ. ಕಿವಿ ಇದ್ದವನಿಗೆ ಸದ್ದಿನಲ್ಲಿ ಸ್ವಲ್ಪವಾದರೂ ಸೂಚನೆ ಸಿಕ್ಕೀತು. ಅವರಿಗೆ ಕಣ್ಣಿಗೆ ಕಾಣುವ ಮುಳ್ಳುಗಳೇ ಬೇಕಾಗಿದ್ದವು. ಅಂಥ ಗೇಜುಗಳು ಇಲ್ಲಿ ಸಿಗುತ್ತಿರಲಿಲ್ಲ, ತರಿಸಿಕೊಳ್ಳುವ ಅನುಕೂಲವೂ ಅವರಿಗೆ ಇರಲಿಲ್ಲ.

ಟರ್ಬೊವನ್ನು ಎಂಜಿನ್ನಿಗೆ ಕೂರಿಸಿ, ಆ ಮಳೆಗಾಲವಿಡೀ ಅವರು ಗೇಜು ಕೂಡಿಸಿದರು. ನಮ್ಮ ಬೀದಿಯ ಡಾಕ್ಟರು ಪಟ್ಟಿ ಹರಿದುಹೋದ ಹಳೆಯ ಬಿ.ಪಿ. ಯಂತ್ರವೊಂದನ್ನು ಕೊಟ್ಟಿದ್ದರು. ಅದರ ಗುಂಡನೆಯ ಡಯಲನ್ನು ಬಿಚ್ಚಿ, ರಬ್ಬರ್ ಕೊಳವೆಯಿಂದ ಎಂಜಿನ್ನಿನ ಗಾಳಿಯ ಪೈಪಿಗೆ ಸೇರಿಸಿದರು. ಟರ್ಬೊ ಎಷ್ಟು ಒತ್ತುತ್ತದೆ ಎಂಬುದನ್ನು ಅದು ತೋರಿಸುತ್ತಿತ್ತು. ಡಯಲಿನಲ್ಲಿದ್ದುದು ಮುನ್ನೂರರವರೆಗೆ. "ಅಷ್ಟು ಸಾಕು. ಅದಕ್ಕಿಂತ ಜಾಸ್ತಿ ಒತ್ತಿದರೆ ಇಬ್ಬರಿಗೂ ಒಳ್ಳೆಯದಲ್ಲ" ಎಂದರು, ತಮ್ಮ ಎದೆಯನ್ನೂ ಕಾರನ್ನೂ ತೋರಿಸಿ. ಆಯಿಲ್ ಪ್ರೆಶರಿಗೆ ಒಡೆದ ಲಾರಿಯೊಂದರ ಗೇಜು ಬಂದರಿನ ಗುಜರಿಯಲ್ಲಿ ಸಿಕ್ಕಿತು.

ಕಷ್ಟವಾದದ್ದು ಹೊಗೆಯ ಬಿಸಿ ಅಳೆಯುವುದು. ಪಣಂಬೂರು ಬಂದರಿನಲ್ಲಿ ಕೆಲಸಕ್ಕಿದ್ದ ಹಳೆಯ ಸಹೋದ್ಯೋಗಿಯೊಬ್ಬರು ಎಸೆಯಲಿಟ್ಟಿದ್ದ ಒಂದು ಜೋಡಿ ತಂತಿ ಕೊಟ್ಟರು. ಬೇರೆ ಬೇರೆ ಲೋಹದ ಎರಡು ತಂತಿ, ತುದಿಯಲ್ಲಿ ಬೆಸೆದದ್ದು. ಆ ತುದಿ ಕಾದರೆ ಈ ಕಡೆ ಕೂದಲಿನಷ್ಟು ವಿದ್ಯುತ್ತು ಹುಟ್ಟುತ್ತದೆ. ಅದನ್ನು ರೇಡಿಯೊ ರಿಪೇರಿಯವರ ಹತ್ತಿರ ಸಿಕ್ಕ ಸೂಕ್ಷ್ಮ ಮೀಟರಿಗೆ ಜೋಡಿಸಿದರು. ಮುಳ್ಳೇನೋ ಓಡಾಡಿತು. ಆದರೆ ಎಲ್ಲಿಗೆ ಬಂದರೆ ಎಷ್ಟು ಬಿಸಿ ಎಂದು ಹೇಳುವವರು ಯಾರು?

ಒಂದು ಭಾನುವಾರ ಅಂಗಳದಲ್ಲಿ ತೆಂಗಿನ ಗೆರಟೆಯ ಕೆಂಡ ಮಾಡಿ, ಟೇಬಲ್ ಫ್ಯಾನಿನಿಂದ ಗಾಳಿ ಕೊಟ್ಟು ಕೂತರು. ಮೊದಲು ಕುದಿಯುವ ನೀರಿನಲ್ಲಿ ತಂತಿಯ ತುದಿ ಅದ್ದಿ ಮುಳ್ಳು ನಿಂತಲ್ಲಿ ಗೆರೆ ಹಾಕಿದರು. ನೀರು ಕುದಿಯುವ ಬಿಸಿ ಎಲ್ಲರಿಗೂ ಗೊತ್ತು. ಆಮೇಲೆ ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಕರಗಿಸಿದರು, ಇನ್ನೊಂದು ಗೆರೆ. ಕೊನೆಗೆ ಅಲ್ಯೂಮಿನಿಯಂ ಬೇಕಾಯಿತು. ಮಾಮಿ ಒಳಗೆ ಹೋಗಿ ಬಾಗಿದ ಸೌಟೊಂದನ್ನು ತಂದುಕೊಟ್ಟರು. ಕೆಂಡದ ನಡುವೆ ಕಬ್ಬಿಣದ ಬಟ್ಟಲಲ್ಲಿ ಸೌಟಿನ ತುಂಡು ಬಹಳ ಹೊತ್ತು ಹಾಗೆಯೇ ಇತ್ತು. ನೋಡನೋಡುತ್ತ ಸಟ್ಟನೆ ಕುಸಿದು ನೀರಾಯಿತು. ಚೀಫ್ ಮುಳ್ಳು ನೋಡಿ ಗೆರೆ ಹಾಕಿದರು.

"ಪಿಸ್ಟನ್ನೂ ಇದೇ ಟೀಚರ್. ನೋಡಿದಿರಲ್ಲ, ಮೊದಲು ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಆಗುತ್ತದೆ."

ಆ ಗೆರೆಗಿಂತ ಚೆನ್ನಾಗಿ ಕೆಳಗೆ ಅವರು ಕೆಂಪು ಗೆರೆ ಎಳೆಸಿದರು. ಎಳೆದವಳು ನಾನು, ಅಂಕಿಗಳನ್ನು ಬರೆದವಳೂ ನಾನೇ, ನನ್ನ ಅಕ್ಷರ ಸಣ್ಣದಾಗಿ ದುಂಡಗಿತ್ತೆಂದು. ಗ್ಯಾರೇಜಿನವರು ಬಂದು ನೋಡಿ, "ಎಂತ ಚೀಫ್, ಕಾರಿಗೂ ಬಿ.ಪಿ. ಬಂತಾ ಮಾರಾಯ್ರೆ?" ಎಂದು ನಕ್ಕು ಹೋದರು. ಚೀಫ್ ಕೂಡ ನಕ್ಕರು. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಕೇಳಿಸದ ಮಾತಿಗೆ ಅವರು ಹೆಚ್ಚಾಗಿ ನಗುತ್ತಿದ್ದರು.

ಇಷ್ಟೆಲ್ಲ ಮಾಡಿದ ಕಾರಿನಲ್ಲಿ ಅವರು ಹೋಗುತ್ತಿದ್ದುದು ಎಲ್ಲಿಗೆ? ಸಂಜೆ ಒಬ್ಬರೇ ಬಜಪೆಯ ಏರು ಹತ್ತಿ, ವಿಮಾನ ನಿಲ್ದಾಣದ ಹತ್ತಿರ ಸ್ವಲ್ಪ ನಿಂತು, ಇಳಿದು ಬರುತ್ತಿದ್ದರು. ಯಾರನ್ನೂ ಬಿಡಲಿಕ್ಕಿಲ್ಲ, ಯಾರನ್ನೂ ಕರೆತರಲಿಕ್ಕಿಲ್ಲ. ಮರಳಿ ಬಂದು ನನ್ನ ಕಿಟಕಿಯ ಹತ್ತಿರ ನಿಂತು ಆವತ್ತು ಮುಳ್ಳು ಎಲ್ಲಿಯವರೆಗೆ ಹೋಯಿತೆಂದು ಹೇಳುತ್ತಿದ್ದರು. ಹೇಳಲು ಅವರಿಗೆ ಬೇರೆ ಯಾರೂ ಇರಲಿಲ್ಲ. ನನಗೂ ಆ ಹೊತ್ತಿನಲ್ಲಿ ದುಬೈಯ ಕಡೆಯಿಂದ ಕೇಳಲು ಏನೂ ಇರುತ್ತಿರಲಿಲ್ಲ. ಹಾಗಾಗಿ ನಾನು ಪುಸ್ತಕ ತಿದ್ದುವುದನ್ನು ನಿಲ್ಲಿಸಿ ಕೇಳುತ್ತಿದ್ದೆ.

ಆ ವರ್ಷದ ಡಿಸೆಂಬರಿನಲ್ಲಿ ಶಾಲೆಗೆ ಒಂದು ಫೋನ್ ಬಂತು. ನನ್ನ ತಂಗಿಯನ್ನು ಸಕಲೇಶಪುರದ ಕಾಫಿ ವ್ಯಾಪಾರಿಗೆ ಕೊಟ್ಟಿತ್ತು, ಅವಳಿಗೆ ತುಂಬಿದ ದಿನ. ಫೋನ್ ಮಾಡಿದ್ದು ಅವಳ ಗಂಡ. ಹೆರಿಗೆಯಾಯಿತು, ರಕ್ತ ನಿಲ್ಲುತ್ತಿಲ್ಲ, ಅವಳ ಗುಂಪಿನ ರಕ್ತ ಅಲ್ಲಿ ಯಾರಲ್ಲೂ ಇಲ್ಲ, ಅಕ್ಕನದು ಅದೇ ಎಂದು ಅವಳೇ ಹೇಳಿದಳು, ಬೇಗ ಬನ್ನಿ. ಮಗುವಿನ ಬಗ್ಗೆ ಅವರು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮನೆಗೆ ಓಡಿ ಬಂದಾಗ ಮಧ್ಯಾಹ್ನ. ಚೀಫ್ ಊಟಕ್ಕೆ ಕೂತಿದ್ದವರು ನನ್ನ ಮುಖ ನೋಡಿ ತಟ್ಟೆ ಬಿಟ್ಟು ಎದ್ದರು. ಕಿವಿಗೆ ಬಾಯಿಟ್ಟು ವಿಷಯ ಹೇಳಿದೆ. "ಕಾರಿನಲ್ಲಿ ಕೂತುಕೊಳ್ಳಿ" ಎಂದರು ಅಷ್ಟೇ. ಮಕ್ಕಳನ್ನು ಪಕ್ಕದ ಮನೆಗೆ ಒಪ್ಪಿಸಿ ಮಾಮಿಯೂ ಬಂದು ಹಿಂದಿನ ಸೀಟಿನಲ್ಲಿ ಕೂತರು.

ಉಪ್ಪಿನಂಗಡಿಯವರೆಗೆ ಕಾರು ಹಾರಿತು. ಶಿರಾಡಿ ಘಾಟಿ ಶುರುವಾಗುವ ಮೊದಲು ಅವರು, "ಟೀಚರ್, ನನಗೆ ರಸ್ತೆಯಿಂದ ಕಣ್ಣು ತೆಗೆಯಲಿಕ್ಕೆ ಆಗುವುದಿಲ್ಲ. ಬಿಸಿಯ ಮುಳ್ಳು ನೀವು ನೋಡಿ. ಕೆಂಪು ಗೆರೆ ಮುಟ್ಟಿದರೆ ನನ್ನ ತೋಳು ಹಿಡಿಯಿರಿ" ಎಂದರು. ಡಯಲುಗಳು ನನ್ನ ಮುಂದೆಯೇ ಇದ್ದವು. ಏರು ಹೆಚ್ಚಿದಂತೆ ಮುಳ್ಳು ಹತ್ತುತ್ತಾ ಹೋಯಿತು. ಲಾರಿಗಳನ್ನು ಒಂದೊಂದಾಗಿ ಹಿಂದೆ ಹಾಕಿದೆವು. ಒಂದು ಉದ್ದನೆಯ ತಿರುವಿನಲ್ಲಿ ಮುಳ್ಳು ಗೆರೆ ಮುಟ್ಟಿತು. ನಾನು ತೋಳು ಹಿಡಿದೆ.

ಅವರು ಕಾಲು ಸಡಿಲಿಸಿ ಗೇರು ಇಳಿಸಿದರು. ಹಿಂದೆ ಹಾಕಿದ್ದ ಲಾರಿಯೊಂದು ಹಾರ್ನ್ ಬಾರಿಸುತ್ತ ನಮ್ಮನ್ನು ದಾಟಿ ಹೋಯಿತು. ನನಗೆ ತಡೆಯಲಾಗಲಿಲ್ಲ, ಅವರ ಎಡಗಿವಿಗೆ ಬಾಯಿಟ್ಟು ಕೂಗಿದೆ.

"ಓಡಿಸಿ ಚೀಫ್. ದಮ್ಮಯ್ಯ, ಓಡಿಸಿ. ಕಾರಿಗೆ ಏನಾದರೆ ಆಗಲಿ."

ಅವರು ತಿರುಗಲಿಲ್ಲ. "ಕಾರಿಗೆ ಆದರೆ ಇಲ್ಲಿಯೇ ನಿಲ್ಲುತ್ತದೆ. ಆಮೇಲೆ ನಿಮ್ಮನ್ನು ಯಾರು ಕರೆದುಕೊಂಡು ಹೋಗುವುದು? ಮುಳ್ಳು ನೋಡಿ."

"ಅವಳು ಅಲ್ಲಿ ಸಾಯ್ತಾ ಇದ್ದಾಳೆ."

"ಗೊತ್ತುಂಟು. ಮುಳ್ಳು ನೋಡಿ ಟೀಚರ್."

ನಾನು ಅಳುತ್ತಾ ಮುಳ್ಳು ನೋಡಿದೆ. ಹಿಂದಿನಿಂದ ಮಾಮಿ ನನ್ನ ಹೆಗಲ ಮೇಲೆ ಕೈ ಇಟ್ಟು ದುವಾ ಹೇಳುತ್ತಿದ್ದರು. ಮುಳ್ಳು ಗೆರೆಯಿಂದ ಕೂದಲೆಳೆಯಷ್ಟು ಕೆಳಗೆ ಇಳಿಯಿತು, ಅವರು ಅಷ್ಟೇ ಒತ್ತಿದರು. ಮತ್ತೆ ಮುಟ್ಟಿತು, ಮತ್ತೆ ತೋಳು ಹಿಡಿದೆ. ಘಾಟಿ ಮುಗಿಯುವವರೆಗೂ ಹೀಗೆಯೇ. ಮೇಲಿನ ತಿರುವೊಂದರಲ್ಲಿ, ನಮ್ಮನ್ನು ದಾಟಿ ಹೋದ ಅದೇ ಲಾರಿ ಬದಿಗೆ ನಿಂತು ಹಬೆ ಕಾರುತ್ತಿತ್ತು. ಅವರು ಅದರ ಕಡೆ ನೋಡಲೂ ಇಲ್ಲ, ನನಗೆ ತೋರಿಸಲೂ ಇಲ್ಲ.

ಆಸ್ಪತ್ರೆಯ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ನನ್ನಿಂದ ರಕ್ತ ತೆಗೆದರು. ತಂಗಿ ಉಳಿದಳು. ಮಗು ಉಳಿದಿರಲಿಲ್ಲ. ನಾವು ಮಂಗಳೂರು ಬಿಡುವ ಮೊದಲೇ ಅದು ಹೋಗಿತ್ತೆಂದು ಡಾಕ್ಟರು ಹೇಳಿದರು.

ತಲೆ ಸುತ್ತುತ್ತಿದ್ದರಿಂದ ನಾನು ಹೊರಗೆ ಬಂದು ಕಾರಿನಲ್ಲಿ ಕೂತೆ. ಚೀಫ್ ಎಲ್ಲಿಂದಲೋ ಬಿಸಿ ಹಾಲು ತಂದು ಕೊಟ್ಟರು. ಮಗುವಿನ ವಿಷಯ ಕೇಳಿ ಪಕ್ಕದಲ್ಲಿ ಕೂತು ಸ್ಟೀರಿಂಗ್ ಹಿಡಿದರು. ಆಮೇಲೆ ತಾವಾಗಿಯೇ ಮಾತಾಡಿದರು. ತಮ್ಮ ಹೆಂಡತಿಯ ವಿಷಯ ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

"ನನ್ನ ಹೆಂಡತಿಗೆ ಜ್ವರ ಬಂದದ್ದು ನಾನು ಆಫ್ರಿಕಾದ ಆ ಕಡೆ ಇರುವಾಗ. ಟೆಲಿಗ್ರಾಂ ಒಂದು ಬಂದರಿಗೆ ಹೋಯಿತು, ನಾವು ಅಲ್ಲಿಂದ ಬಿಟ್ಟಾಗಿತ್ತು. ಇನ್ನೊಂದಕ್ಕೆ ಹೋಯಿತು, ಅಲ್ಲಿಯೂ ಹಾಗೆಯೇ. ನನ್ನ ಕೈಗೆ ಸಿಗುವಾಗ ಬೊಜ್ಜವೂ ಮುಗಿದಿತ್ತು." ಬೊಜ್ಜ ಎಂದರೆ ತುಳುವಿನಲ್ಲಿ ಉತ್ತರಕ್ರಿಯೆ. "ಆ ದಿನಗಳಲ್ಲಿ ನಾನು ಎಂತ ಮಾಡ್ತಾ ಇದ್ದೆ ಗೊತ್ತುಂಟಾ? ಎಂಜಿನ್ ಕೋಣೆಯಲ್ಲಿ ಪಾಳಿ. ಗಂಟೆಗೊಮ್ಮೆ ಗೋಡೆಯ ಮೇಲಿನ ಎಲ್ಲ ಮುಳ್ಳು ನೋಡಿ, ಎಲ್ಲ ಸರಿ ಉಂಟು ಅಂತ ಬರೀತಾ ಇದ್ದೆ" ಎಂದರು.

ನಾನು ಹಾಲಿನ ಲೋಟ ಹಿಡಿದು ಕೂತೆ.

ಎಂಬತ್ತರ ದಶಕದ ನಡುವಿಗೆ ಅವರ ಕಣ್ಣಿನಲ್ಲೂ ಮಂಜು ಕವಿಯಿತು. ಕಾರು ಶೆಡ್ಡು ಸೇರಿತು. ಸಂಜೆಯ ಸುತ್ತಾಟ ನಿಂತ ಮೇಲೆ ಅವರು ಮಾಮಿಯ ಜೊತೆ ಜಗಲಿಯಲ್ಲಿ ಕೂರುತ್ತಿದ್ದರು. ಒಬ್ಬರಿಗೆ ಕೇಳಿಸದು, ಇನ್ನೊಬ್ಬರು ಮಾತು ನಿಲ್ಲಿಸರು. ಮೀನಿನ ಬೆಲೆ, ಮಗನ ಕಾಗದ ಬಾರದ್ದು, ಮಂಡಿನೋವು, ಎಲ್ಲದಕ್ಕೂ ಅವರು ತಲೆಯಾಡಿಸುತ್ತಿದ್ದರು. ನನ್ನ ಮಕ್ಕಳು ನಗುತ್ತಿದ್ದರು. ನಾನು ಒಮ್ಮೆ ಮಾಮಿಗೆ, ಅವರಿಗೆ ಕೇಳಿಸುವುದಿಲ್ಲವಲ್ಲ ಎಂದೆ. "ಕೇಳದಿದ್ದರೆ ಎಂತ? ಕೂತಿರ್ತಾನಲ್ಲ" ಎಂದರು ಮಾಮಿ.

ಒಂದು ಬೆಳಿಗ್ಗೆ ಚೀಫ್‌ಗೆ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದೆವು. ಅವರಿಗಿದ್ದ ಒಬ್ಬನೇ ಅಳಿಯ, ಅಂದರೆ ಅಕ್ಕನ ಮಗ, ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ. ಅವನಿಗೆ ಟ್ರಂಕ್ ಕಾಲ್ ಮಾಡಿ ಬಂದಾಗ ವಾರ್ಡಿನ ಬಾಗಿಲಲ್ಲಿ ನರ್ಸು ಮಾಮಿಯನ್ನು ತಡೆದು ನಿಲ್ಲಿಸಿದ್ದಳು. ಒಳಗೆ ಕೂರಲು ಸಂಬಂಧಿಕರಿಗೆ ಮಾತ್ರ ಎಂದಳು.

"ನೀವು ಅವರಿಗೆ ಎಂತ ಆಗಬೇಕು?"

ಮಾಮಿ ತಲೆಯ ಮೇಲಿನ ಬಟ್ಟೆ ಸರಿಮಾಡಿಕೊಂಡು, "ಅವನು ನನ್ನ ತಮ್ಮ" ಎಂದರು.

ನರ್ಸು ಮಾಮಿಯನ್ನು ನೋಡಿದಳು, ಹಾಸಿಗೆಯ ಕಡೆ ನೋಡಿದಳು. ಆಮೇಲೆ ಒಂದು ಸ್ಟೂಲು ತಂದು ಹಾಸಿಗೆಯ ಪಕ್ಕ, ಎಡಗಡೆ, ಇಟ್ಟಳು.

ಮಾರನೆಯ ದಿನ ಮಧ್ಯಾಹ್ನ ಅವರು ಹೋದರು. ನನ್ನನ್ನು ಗುರುತಿಸಿ, "ಟೀಚರ್, ಮಕ್ಕಳು ಶಾಲೆಯಿಂದ ಬರುವ ಹೊತ್ತು. ಮನೆಗೆ ಹೋಗಿ" ಎಂದದ್ದೇ ಕೊನೆ. ಮಾಮಿಯ ಕೈ ಅವರ ಕೈ ಮೇಲಿತ್ತು. ಬೊಂಬಾಯಿಯ ಅಳಿಯ ಮರುದಿನ ಬಸ್ಸಿಳಿದು ನೇರವಾಗಿ ಬಂದು ಎಲ್ಲ ಮಾಡಿದ. ನಮ್ಮ ಕಡೆಯ ಹೆಂಗಸರು ಸ್ಮಶಾನಕ್ಕೆ ಹೋಗುವುದಿಲ್ಲ, ನಾವು ಗೇಟಿನಿಂದಲೇ ಕಳಿಸಿಕೊಟ್ಟೆವು.

ಬೇಸಿಗೆಯಲ್ಲಿ ಮನೆ ಮಾರಾಟವಾಯಿತು. ನಾವು ಬಂದರಿನ ಕಡೆ ಮನೆ ಹಿಡಿದೆವು. ಬಿಳಿ ಕಾರನ್ನು ಯಾರೋ ಕೊಂಡುಕೊಂಡು ಹೋದರು ಎಂದು ಆಮೇಲೆ ತಿಳಿಯಿತು. ಹೊಸ ಮನೆಯ ಸುತ್ತ ನಮ್ಮವರೇ ಇದ್ದರು, ಇಡೀ ದಿನ ಜನ. ಮಾಮಿ ಮಾತ್ರ ಮಾತು ಕಡಿಮೆ ಮಾಡಿದರು.

ಒಂದು ಸಂಜೆ ನಾನು ಶಾಲೆಯಿಂದ ಬರುವಾಗ ಮಾಮಿ ಬುರ್ಖಾ ಹಾಕಿ ಬಾಗಿಲಲ್ಲಿ ಕೂತಿದ್ದರು. ಎಲ್ಲಿಗೆ ಎಂದು ಕೇಳಿದೆ. "ಅವನನ್ನು ಎಲ್ಲಿ ಸುಟ್ಟದ್ದು? ನೋಡಬೇಕು" ಎಂದರು. ನಾನು ಎರಡು ಮಾತು ಹೇಳಿ ನೋಡಿ, ಕೊನೆಗೆ ಆಟೊ ಕರೆದೆ. ಸ್ಮಶಾನದ ಗೇಟಿನಲ್ಲಿ ಕಾವಲಿನವ ನಮ್ಮಿಬ್ಬರನ್ನೂ ನೋಡಿ ದಾರಿ ತಪ್ಪಿ ಬಂದವರೆಂದುಕೊಂಡ. ಮಾಮಿ ಗೇಟಿನ ಸರಳು ಹಿಡಿದು, ಒಳಗಿನ ಖಾಲಿ ಅಂಗಳವನ್ನು ನೋಡುತ್ತ, ಮಸೀದಿಯಿಂದ ಮುಸ್ಸಂಜೆಯ ಮಗ್ರಿಬ್ ನಮಾಜಿನ ಬಾಂಗ್ ಕೇಳುವವರೆಗೆ ನಿಂತರು.

"ಸಾಕು, ಹೋಗುವ" ಎಂದರು ಆಮೇಲೆ.