ಸೆಖೆಯ ಪರವಾಗಿ ವಕಾಲತ್ತು

ಮೇ ತಿಂಗಳಲ್ಲಿ ಕಾಪುವಿನಲ್ಲಿ ಯಾರು ಎದುರಾದರೂ ಮೊದಲ ಮಾತು, "ಎಂತ ಸೆಖೆ ಮಾರಾಯ್ರೆ." ಅದಕ್ಕೆ ಹೌದೆನ್ನದ ಹೆಂಗಸು ಊರಿಗೆ ನಾನೊಬ್ಬಳೇ ಇರಬೇಕು. ನಾನು ಸೆಖೆಯ ಪಕ್ಷ. ಬೆವರುವುದಿಲ್ಲವೆಂದಲ್ಲ, ಸೆರಗು ಹಿಂಡಿದರೆ ನೀರಿಳಿಯುವಷ್ಟು ಬೆವರುತ್ತೇನೆ. ಆದರೆ ಬಿಸಿಲಿಲ್ಲದೆ ಹಲಸಿನ ಹಪ್ಪಳ ಒಣಗುವುದಿಲ್ಲ, ಹಪ್ಪಳವಿಲ್ಲದೆ ಆಟಿ ತಿಂಗಳ ಮಳೆ ಕಳೆಯುವುದಿಲ್ಲ. ಉಂಡ ಮನೆಯನ್ನು ಬೈಯುವುದು ನನ್ನಿಂದಾಗದು.

ಹಳೆಯ ಕಾವ್ಯಗಳ ಗ್ರೀಷ್ಮವರ್ಣನೆಯಲ್ಲಿ ಕೆರೆ ಬತ್ತುತ್ತದೆ, ಆನೆಗೆ ಬಾಯಾರುತ್ತದೆ, ವಿರಹಿಗಳು ಗಂಧ ಬಳಿದುಕೊಂಡು ಬಿದ್ದುಕೊಳ್ಳುತ್ತಾರೆ. ಹಪ್ಪಳ ಒಣಗಿಸುವವರು ಮಾತ್ರ ಒಬ್ಬರೂ ಇಲ್ಲ. ಮಳೆಗಾಲದಲ್ಲಿ ಆ ಕವಿಗಳು ಗಂಜಿಗೆ ಏನು ನಂಜಿಕೊಂಡರೋ, ಪಾಪ.

ಎಂಬತ್ತರ ದಶಕದ ಮೊದಲಲ್ಲಿ, ಉಡುಪಿಯ ಕಚೇರಿಯೊಂದರಲ್ಲಿ ಗುಮಾಸ್ತರಾಗಿದ್ದ ನಮ್ಮವರು ನನ್ನನ್ನು ಒಂದು ಮಾತೂ ಕೇಳದೆ ಚಾವಡಿಯ ಜಂತಿಗೆ ಫ್ಯಾನು ಹಾಕಿಸಿದರು. ಅಡಿಕೆ ಹಾಳೆ ಕತ್ತರಿಸಿ ನಾನೇ ಮಾಡಿದ ಬೀಸಣಿಗೆ ನನಗೆ ಸಾಕು ಎಂದು ಹೇಳಿಬಿಟ್ಟೆ. ಕೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಕೇಳಲಿಲ್ಲವೆಂಬ ಸಿಟ್ಟು ನನಗೆ. ಅವರು ಫ್ಯಾನಿನಡಿ ಮಲಗಿದರೆ ನಾನು ಜಗಲಿಯಲ್ಲಿ ಚಾಪೆ ಹಾಸಿದೆ. ಬೇಸಗೆಯಿಡೀ ಇಬ್ಬರೂ ಪಟ್ಟು ಬಿಡಲಿಲ್ಲ.

ಮೇ ಕೊನೆಯ ಒಂದು ಭಾನುವಾರ, ನೆರೆಮನೆಯ ಲಿಲ್ಲಿ ಬಾಯಿ ಮತ್ತು ನಾನು ಬೆಳಗ್ಗಿನಿಂದ ಮಣೆಯಲ್ಲಿ ಒತ್ತಿದ ಹಪ್ಪಳವನ್ನು ಅಂಗಳದ ಚಾಪೆಗಳ ಮೇಲೆ ಹರಡಿದ್ದೆವು. ಬಾಯಿ ಊಟಕ್ಕೆ ಮನೆಗೆ ಹೋದರು. ಮಧ್ಯಾಹ್ನ ದಾಟಿತೋ ಇಲ್ಲವೋ, ಕಾರ್ಕಳದ ದಿಕ್ಕಿನಲ್ಲಿ ಮೋಡ ಕಪ್ಪಾಯಿತು.

"ಹಪ್ಪಳ ತೆಗಿ. ಮಳೆ ಬರ್ತದೆ" ಎಂದರು ನಮ್ಮವರು.

"ಬರುವುದಿಲ್ಲ. ನನ್ನ ಬಿಸಿಲು ನನಗೆ ಗೊತ್ತುಂಟು."

ಮೊದಲ ಹನಿ ನನ್ನ ಮೂಗಿನ ಮೇಲೆಯೇ ಬಿತ್ತು. ಹಸಿ ಹಪ್ಪಳ ನೆನೆದರೆ ಬೂಸ್ಟು ಹಿಡಿದು ಮಳೆಗಾಲದ ದಾಸ್ತಾನೆಲ್ಲ ತಿಪ್ಪೆಗೆ. ಇಬ್ಬರೂ ಓಡಿ ಚಾಪೆಗಳನ್ನು ಎತ್ತಿ ತಂದು ಚಾವಡಿಯಲ್ಲಿ ಹಾಸಿದೆವು. ಅವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು. ಗೆದ್ದವರ ನೋಟ.

"ಹಾಕಲಾ?"

"ಹಪ್ಪಳಕ್ಕೆ ಹಾಕಿ. ನನಗಲ್ಲ."

ಫ್ಯಾನು ತಿರುಗತೊಡಗಿತು. ಆದರೆ ನಮ್ಮೂರಿನ ಮೊದಲ ಮಳೆಗೂ ಕರೆಂಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಗುಡುಗು ಕೇಳಿದ್ದೇ ತಡ, ಕರೆಂಟು ಹೋಯಿತು. ನಾನು ನಗಲಿಲ್ಲ, ಬಹಳ ಕಷ್ಟಪಟ್ಟೆ.

ಅವರು ತುಸು ಹೊತ್ತು ಮೇಲೆ ನೋಡುತ್ತ ನಿಂತರು. ಆಮೇಲೆ ಮೊಳೆಗೆ ಸಿಕ್ಕಿಸಿದ್ದ ನನ್ನ ಬೀಸಣಿಗೆಯತ್ತ ಕೈ ಚಾಚಿ, ಮದುವೆಯಾದ ಮೇಲೆ ಮೊದಲ ಬಾರಿಗೆ ಎನ್ನಬೇಕು, "ತೆಗೆದುಕೊಳ್ಳಲಾ?" ಎಂದು ಕೇಳಿದರು. ನೆಲದಲ್ಲಿ ಚಕ್ಕಳಮಕ್ಕಳ ಕೂತು ಹಪ್ಪಳಕ್ಕೆ ಗಾಳಿ ಹಾಕತೊಡಗಿದರು. ಬನಿಯನ್ ಒದ್ದೆಯಾಗಿ ಬೆನ್ನಿಗಂಟಿತು.

"ಎಂತ ಸೆಖೆ ಮಾರಾಯ್ತಿ" ಎಂದರು.

ನಾನು ಹೌದೆನ್ನಲಿಲ್ಲ. ಚಾಪೆಯ ಆಚೆ ತುದಿಗೆ ಹೋಗಿ ಅವರೆದುರು ಕೂತೆ. ಗಾಳಿ ಬೀಸಿದ್ದು ಹಪ್ಪಳಕ್ಕೇ. ಅದರ ದಾರಿಯಲ್ಲಿ ನಾನು ಕೂತಿದ್ದೆ, ಅಷ್ಟೆ.