ರಾಮನಾಥಪುರದಲ್ಲಿ ನಾನು ಮುಯ್ಯಾಳಾದದ್ದು

ಆ ದಿನ ಬೆಳಿಗ್ಗೆ ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಮ್ಮವರು ಒಲೆಯ ಪಕ್ಕ ಕೂತು, ಚನ್ನರಾಯಪಟ್ಟಣದಲ್ಲಿ ಹಿಂದಿನ ದಿನ ಕಂಡ ಒಬ್ಬನ ವಿಷಯ ಹೇಳುತ್ತಿದ್ದರು. ಸರ್ಕಾರದ ಉದ್ಯೋಗ ಸಮೀಕ್ಷೆಗೆ ಮನೆಮನೆ ತಿರುಗುವುದು ಅವರ ಕೆಲಸ.

"ಸ್ವಂತ ತೆಂಗಿನಕಾಯಿನೂ ಮಾರ್ತಾನ, ಮಂಡಿಯಾಗ ಕಾಯಿ ಸುಲಿಯೋ ಕೂಲಿನೂ ಮಾಡ್ತಾನ. ಅವನ್ನ ವ್ಯಾಪಾರಿ ಅನ್ನಲೋ, ಕೂಲಿಯವ ಅನ್ನಲೋ?"

"ಎದರಾಗ ಹೆಚ್ಚು ದಿನ ದುಡೀತಾನ?" ಎಂದೆ.

"ನೀನೂ ಕಲತಿ ಬಿಡು" ಎಂದು ನಕ್ಕು, ಅರಕಲಗೂಡಿನ ಬಸ್ಸು ಹಿಡಿದರು. ಸಂಜೆ ಅವರ ದೇಹವನ್ನು ಅರಕಲಗೂಡಿನ ಆಸ್ಪತ್ರೆಯಿಂದ ತಂದರು. ಎದೆನೋವು ಎಂದರು. ಅಷ್ಟೇ ಗೊತ್ತು.

ಗದಗ ಕಡೆಯವರು ನಾವು. ವರ್ಗಾವಣೆಯಾದಾಗ, ಹೊಳೆ ಕಂಡು ರಾಮನಾಥಪುರದಲ್ಲೇ ಮನೆ ಮಾಡೋಣ ಅಂದವರು ಅವರೇ. ಇಲ್ಲಿಯದೂ ಕನ್ನಡವೇ, ಆದರೂ ಮೊದಮೊದಲು ಅರ್ಧ ಮಾತು ಕೈಸನ್ನೆಯಲ್ಲೇ ನಡೆಯಿತು. ನಮ್ಮಲ್ಲಿ ರೊಟ್ಟಿ ಎಷ್ಟು ಅಗಿದರೆ ಅಷ್ಟು ರುಚಿ. ಇಲ್ಲಿ ರಾಗಿಮುದ್ದೆಯನ್ನು ನುಂಗಬೇಕು. ಮನೆಯೊಡತಿ ಜಯಮ್ಮ ನನ್ನ ಮೊದಲ ಊಟ ನೋಡಿ, "ಅಯ್ಯೋ, ಮುದ್ದೆನ ಅಗೀತಾವ್ರಲ್ಲಮ್ಮಿ!" ಎಂದು ಬೀದಿಯನ್ನೆಲ್ಲ ಕರೆದಿದ್ದರು.

ನಮ್ಮವರು ಹೋದ ಮೇಲೆ ಅದೇ ಬೀದಿಯ ಹೆಂಗಸರು ಸರದಿಯಂತೆ ಬಂದು ಅನ್ನ ಬೇಯಿಸಿದರು, ನನ್ನ ಪಕ್ಕ ಮಲಗಿದರು. ಹೊಗೆಸೊಪ್ಪಿನ ಕಾಲ ಬಂದಾಗ ನಾನೂ ಅವರ ಜೊತೆ ಕೂತು ಹಸಿ ಎಲೆಗಳನ್ನು ಒಣಗಿಸಲು ಕಡ್ಡಿಗೆ ಕಟ್ಟತೊಡಗಿದೆ. ಇಂದು ಒಬ್ಬರ ಮನೆಗೆ ಎಲ್ಲರೂ, ನಾಳೆ ಇನ್ನೊಬ್ಬರ ಮನೆಗೆ; ದುಡ್ಡಿನ ಮಾತಿಲ್ಲ. ಇದಕ್ಕೆ ಮುಯ್ಯಿ ಎನ್ನುತ್ತಾರೆ, ಹಾಗೆ ಹೋಗುವವರು ಮುಯ್ಯಾಳು. ಅಂಟಿನಿಂದ ಕೈ ಕಪ್ಪಾಗುತ್ತಿತ್ತು, ರಾತ್ರಿ ನಿದ್ದೆ ಬರುತ್ತಿತ್ತು.

ಅಷ್ಟರಲ್ಲಿ ನನ್ನನ್ನು ಊರಿಗೆ ಕರೆದೊಯ್ಯಲು ತಮ್ಮ ಬಂದ. "ಇಲ್ಲಿ ನಿನಗ ಯಾರದಾರ ಅಕ್ಕಾ?" ಎಂದ. ನಾನು ಬಟ್ಟೆ ಗಂಟು ಕಟ್ಟಿದೆ.

ಹೊರಡುವ ದಿನ ಬೆಳಿಗ್ಗೆ ಸಮೀಕ್ಷೆಯ ಹೊಸ ಅಧಿಕಾರಿ ನಮ್ಮ ಬಾಗಿಲಿಗೆ ಬಂದರು. ನಮ್ಮವರ ಪಿಂಚಣಿಯಲ್ಲಿ ಬದುಕುತ್ತೇನೆ ಎಂದೆ. "ಹಾಗಾದ್ರೆ ಕೆಲಸ ಅಂತ ಏನಿಲ್ಲ, ಮನೆವಾರ್ತೆ ಮಾತ್ರ" ಎಂದರು.

ಜಯಮ್ಮ ಜಗಲಿಯಿಂದಲೇ ಏರಿಬಂದರು. "ಅದೆಂಗ್ ಸಾ ಅಂಗಂತೀರಾ? ದಿನಾ ಸೊಪ್ಪು ಕಟ್ಟಕ್ ಬತ್ತಾರೆ."

"ಕೂಲಿ ಎಷ್ಟು ಕೊಡ್ತೀರಿ?"

"ಮುಯ್ಯಿಗೆ ಕೂಲಿ ಕೊಡೋರುಂಟಾ?"

"ಮುಯ್ಯಿ ಅಂದ್ರೆ ನೀವೂ ಇವರ ಹೊಲಕ್ಕೆ ಹೋಗಬೇಕಲ್ಲಮ್ಮ. ಇವರಿಗೆ ಹೊಲ ಎಲ್ಲಿದೆ?"

"ಒಲ ಇಲ್ದಿದ್ರೆ ಏನ್ ಸಾ? ಇವರ ಯಜಮಾನ್ರು ಓಗ್ಬುಟ್ಟಾಗ ನಾವು ಬಂದು ಇರ್ನಿಲ್ವಾ? ಆ ಮುಯ್ಯಿ ಇವ್ರು ಸೊಪ್ಪು ಕಟ್ಟಿ ತೀರಿಸ್ತಾವ್ರೆ. ಇನ್ನೂ ಮುಗುದಿಲ್ಲ ಕಣಪ್ಪಾ," ಎಂದು ನನ್ನ ತಮ್ಮನ ಕಡೆ ತಿರುಗಿದರು, "ಮುಗಿಯೋಗಂಟ ಕಳ್ಸಾಕಿಲ್ಲ."

ಅಧಿಕಾರಿ ನಕ್ಕು, ಮೇಲಿನವರನ್ನು ಕೇಳಿ ಬರೆಯುತ್ತೇನೆ ಎಂದರು. ಯಾವ ವರ್ಗಕ್ಕೆ ಸೇರಿಸಿದರೋ ತಿಳಿಯಲಿಲ್ಲ. ನಾನು ಬಟ್ಟೆ ಗಂಟು ಬಿಚ್ಚಿದೆ; ತಮ್ಮ ಒಬ್ಬನೇ ಊರಿಗೆ ಹೋದ.

ಈಗ ತವರಿಗೆ ಹೋದರೆ, "ಮೈಸೂರು ಸೀಮ್ಯಾಕಿ ಬಂದ್ಳು" ಎಂದು ಕಾಡಿಸುತ್ತಾರೆ. ಇಲ್ಲಿಗೆ ಮರಳಿದರೆ, "ಗದಗಿನಮ್ಮ ಬಂದ್ರು" ಎನ್ನುತ್ತಾರೆ. ಎರಡೂ ಕಡೆ ಕೂರಲು ಜಾಗ ಕೊಡುತ್ತಾರೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ನಮ್ಮವರೊಬ್ಬರೇ. ಈಗ ಹಾಗೆ ಕರೆಯುವವರಿಲ್ಲ.