ಸಹಿ ಹಾಕಿದ ಖಾಲಿ ಹಾಳೆ

ಕನ್ನಡ ನಾಡು ಒಂದಾದ ಹೊಸದರಲ್ಲಿ ನಮ್ಮ ಸಾಹೇಬರು ಪಾರ್ಲಿಮೆಂಟಿಗೆ ನಿಂತರು. ಪ್ರಚಾರಕ್ಕೆ ನಮ್ಮೂರು ತಿಕೋಟಾಕ್ಕೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಊಟ. ಅವ್ವ ಬಿಸಿ ರೊಟ್ಟಿಯ ಮೇಲೆ ಖಾರದ ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದಳು. ಗೆದ್ದು ಹೊರಟ ದಿನ ಆಕೆಯ ಕಾಲು ಮುಟ್ಟಿ, "ಯವ್ವಾ, ದಿಲ್ಲಿಗೆ ಹೋದ್ರೂ ನಿನ್ನ ಕೈರೊಟ್ಟಿ ಬಿಡಂಗಿಲ್ಲ" ಎಂದಿದ್ದರು. ಮುಂದಿನ ಸಲ ಗೆದ್ದು ಮಂತ್ರಿಯಾದರು. ಮಂತ್ರಿಗೆ ರೊಟ್ಟಿಯ ಬಿಡುವೆಲ್ಲಿ?

ನಾನು ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿದ್ದ ಅವರ ಕಚೇರಿಯ ಕಾರಕೂನ. ದಿಲ್ಲಿಗೆ ಹೋಗುವ ಮುನ್ನ ಅವರು ಒಂದು ಕಟ್ಟು ಖಾಲಿ ಹಾಳೆಗಳಿಗೆ ಸಹಿ ಹಾಕಿಡುತ್ತಿದ್ದರು. ನೌಕರಿಗೆ, ವರ್ಗಾವಣೆಗೆ ಎಂದು ಜನ ಬಂದಂತೆ ಸಹಿಯ ಮೇಲಿನ ಶಿಫಾರಸನ್ನು ನಾನು ಕೈಯಾರೆ ಬರೆಯುತ್ತಿದ್ದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಜನ ಚುಚ್ಚಿದರೆ ನನಗೆ ಒಳಗೊಳಗೇ ಹಿಗ್ಗು.

ಅವ್ವ ಹಾಸಿಗೆ ಹಿಡಿದಳು. "ಒಮ್ಮೆ ಬಂದು ಹೋಗಂತ ಅವಗ ಹೇಳಪಾ. ಮಾರಿ ನೋಡಿ ಕಣ್ಣ ಮುಚ್ಚತೇನಿ" ಎಂದು ದಿನವೂ ಅದೇ ಮಾತು. ಬೇಡುವವರ ಸಾಲಿನಲ್ಲಿ ನಿಲ್ಲಲು ನನ್ನ ಬಿಂಕ ಬಿಡಲಿಲ್ಲ. ಒಂದು ಸಹಿ ಹಾಳೆ ತಂದು, 'ಯವ್ವಾ, ಸಂಕ್ರಾಂತಿಗೆ ತಪ್ಪದೆ ಬರುತ್ತೇನೆ' ಎಂದು ಬರೆದು ಆಕೆಗೆ ಓದಿ ಹೇಳಿದೆ. ಓದು ಬಾರದ ಅವ್ವ ಸಹಿಯ ಮೇಲೆ ಬೆರಳಾಡಿಸಿ, ಕಾಗದವನ್ನು ತಲೆದಿಂಬಿನ ಕೆಳಗಿಟ್ಟುಕೊಂಡಳು. ಹಬ್ಬಕ್ಕೆ ಅವರಿಗೆಂದು ನನ್ನ ಹೆಂಡತಿಯ ಕೈಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಮಾಡಿಸಿಟ್ಟಳು.

ಹಬ್ಬದ ಹಿಂದಿನ ದಿನ ಸಾಹೇಬರು ನಮ್ಮೂರಿಗೆ ಹತ್ತಿರದ ಬಬಲೇಶ್ವರಕ್ಕೆ ಬಂದರು. ಜೀಪಿನಲ್ಲಿ ನಾನೂ ಇದ್ದೆ.

"ಅವ್ವ ಹೆಂಗದಾಳೋ?" ಎಂದು ಅವರೇ ಕೇಳಿದರು.

ಹೇಳಿದರೆ ಖಂಡಿತ ಬರುತ್ತಿದ್ದರು. ಬಂದರೆ ಅವ್ವ ಕಾಗದದ ಮಾತು ತೆಗೆಯುತ್ತಾಳೆ, ನನ್ನ ಕಳ್ಳತನ ಬಯಲಾಗುತ್ತದೆ.

"ಆರಾಮ ಅದಾಳ್ರಿ" ಎಂದೆ.

ಹಬ್ಬದ ದಿನವೆಲ್ಲ ಅವ್ವ ಬಾಗಿಲನ್ನೇ ನೋಡಿದಳು. ಮೂರನೆಯ ದಿನ ತೀರಿಕೊಂಡಳು.

ಮಣ್ಣಿಗೆ ಸಾಹೇಬರು ಬಂದರು. ನನ್ನ ಹೆಂಡತಿ ಆ ಕಾಗದವನ್ನು ಅವರ ಕೈಗಿಟ್ಟು, "ನೀವು ಬರ್ತೀರಂತ ಅತ್ತಿ ಭಾಳ ಹಾದಿ ನೋಡಿದ್ರು" ಎಂದು ಅತ್ತಳು. ಅವರು ಓದಿದರು. ನನ್ನ ಅಕ್ಷರ ಅವರಿಗೆ ಗೊತ್ತಿಲ್ಲವೇ? ನೆರೆದ ಊರಿನ ಎದುರು ನನ್ನ ಮಾನ ಹೋಯಿತೆಂದು ತಲೆ ತಗ್ಗಿಸಿದೆ. ಅವರು ಕಾಗದ ಮಡಚಿ ಜೇಬಿಗಿಟ್ಟುಕೊಂಡು ಅವ್ವನ ಕಡೆ ತಿರುಗಿದರು.

"ತಪ್ಪು ನಂದವ್ವಾ. ಮಾತು ಕೊಟ್ಟು ಬರಲಿಲ್ಲ."

ಮುಂದಿನ ಚುನಾವಣೆಯಲ್ಲಿ, ಸಾಯುವ ಮುದುಕಿಗೆ ಮಾತು ತಪ್ಪಿದವರೆಂದು ನಮ್ಮೂರವರು ಅವರನ್ನು ಕಟ್ಟೆಯ ಮೇಲೆ ಕುಳಿತು ಬೈದರು. ನಾನೂ ಅದೇ ಕಟ್ಟೆಯ ಮೇಲಿದ್ದೆ. ಬಾಯಿ ಬಿಡಲಿಲ್ಲ.